ಸಣ್ಣಪ್ಪ ಕೂಡಿಸಿದ ಇಂಜೆಕ್ಟರ್

ಕಲಘಟಗಿ ಇನ್ನೂ ಆರು ಕಿಲೋಮೀಟರ್ ಇರುವಾಗ ಜೀಪು ಕೆಮ್ಮತೊಡಗಿತು. ಮಂಜುಳಾ ಗೇರ್ ಇಳಿಸಿದಳು. ಇನ್ನೊಂದು ಕೆಮ್ಮು, ಒಂದು ನಡುಕ. ಏರಿನ ನಟ್ಟನಡುವೆ ಎಂಜಿನ್ ಸತ್ತು ನಿಂತಿತು.

ಹಿಂದೆ ಕೂತಿದ್ದ ಒಂಬತ್ತು ಹುಡುಗಿಯರ ಮಾತೂ ನಿಂತಿತು. ಪಿಯುಸಿ ಪರೀಕ್ಷೆಗೆ ಅರ್ಧ ತಾಸು ಉಳಿದಿತ್ತು.

ಬಾನೆಟ್ ಎತ್ತಿದರೆ ಡೀಸೆಲ್ ವಾಸನೆ ಮುಖಕ್ಕೆ ಹೊಡೆಯಿತು. ಡೀಸೆಲ್ ಚಿಮ್ಮಿಸುವ ಎರಡು ಇಂಜೆಕ್ಟರುಗಳಿಗೆ ಪೈಪು ಕೂಡುವಲ್ಲಿ ನಟ್ಟು ಸಡಿಲಾಗಿ ಎಂಜಿನ್ನಿನ ಮೈಯೆಲ್ಲ ತೊಯ್ದಿತ್ತು. ತಿಂಗಳಲ್ಲಿ ಇದು ಮೂರನೇ ಸಲ.

"ಸಣ್ಣಪ್ಪ," ಎಂದಳು ಮಂಜುಳಾ, ಹಲ್ಲು ಕಚ್ಚಿ. ಇಂಜೆಕ್ಟರ್ ಕೂಡಿಸಿದವನು ಅವನೇ.

ಮೆಕ್ಕೆಜೋಳ ಹೇರಿಕೊಂಡು ಬಂದ ಟ್ರ್ಯಾಕ್ಟರಿಗೆ ಕೈ ಮಾಡಿ ಹುಡುಗಿಯರನ್ನು ಹತ್ತಿಸಿದಳು. ಅವರು ಪರೀಕ್ಷೆಯ ಕೋಣೆ ಸೇರುವಾಗ ಪ್ರಶ್ನೆಪತ್ರಿಕೆ ಕೊಟ್ಟು ಇಪ್ಪತ್ತು ನಿಮಿಷವಾಗಿತ್ತು. ಮಧ್ಯಾಹ್ನವೇ ಪಾಲಕರಿಂದ ಫೋನು ಬಂತು. ನಾಳೆಯಿಂದ ಬೇರೆ ಗಾಡಿ.

ಜೀಪು ಅಪ್ಪ ಹನಮಂತಪ್ಪನದು. ಇಪ್ಪತ್ತೆರಡು ವರ್ಷ ದುಮ್ಮವಾಡದ ಮಂದಿಯನ್ನು ಅದರಲ್ಲೇ ಹೊತ್ತು ತಿರುಗಿದ್ದ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ ಮಗಳು ಸ್ಟೇರಿಂಗ್ ಹಿಡಿದಳು. ಎಂಜಿನ್ ಹಳೆಯದು. ಕರಿ ಹೊಗೆ ಉಗುಳುತ್ತಿತ್ತು, ಏರು ಬಂದರೆ ಮುಕ್ಕರಿಯುತ್ತಿತ್ತು. ಅವಳು ಹುಬ್ಬಳ್ಳಿಯಿಂದ ಸುಧಾರಿಸಿದ ನಮೂನೆಯ ಹೊಸ ಇಂಜೆಕ್ಟರ್ ತರಿಸಿ ಕ್ರಾಸಿನ ಗ್ಯಾರೇಜಿನ ಸಣ್ಣಪ್ಪನ ಕೈಗೆ ಕೊಟ್ಟಳು. ಅವನು ಒಂದಿಡೀ ದಿನ ಕೂತು, ಒಂದೊಂದರ ಒತ್ತಡ ಪರೀಕ್ಷಿಸಿ ಕೂಡಿಸಿದ. ಹೊಗೆ ನಿಂತಿತು. ಏರನ್ನು ಜೀಪು ಮೂರನೇ ಗೇರಿನಲ್ಲೇ ಹತ್ತಿತು.

ಮಂಜುಳಾ ಹಿಗ್ಗಿದ್ದಳು. ಹನಮಂತಪ್ಪ ಮಾತ್ರ, "ಸಾಮಾನು ಛಲೋ ಇದ್ರ ಆತೇನು? ಕೂಡಿಸಿದ ಕೈ ಎಂಥಾದ್ದು ನೋಡಬೇಕು," ಎಂದಿದ್ದ.

ಆ ಕೈಯ ಚಹಾವನ್ನೂ ಅವನು ಎಂದೂ ಕುಡಿದವನಲ್ಲ. ಬುದ್ಧನ ಕ್ಯಾಲೆಂಡರ್ ತೂಗುವ ಆ ಗ್ಯಾರೇಜಿನ ಶೆಡ್ಡಿನಲ್ಲಿ ಚಹಾದ ಕಪ್ಪು ಮುಂದೆ ಬಂದರೆ ಸಕ್ಕರೆ ಕಾಯಿಲೆ ಎನ್ನುತ್ತಿದ್ದ. ಮನೆಯಲ್ಲಿ ಎರಡು ಚಮಚಕ್ಕಿಂತ ಸಕ್ಕರೆ ಕಡಿಮೆಯಾದರೆ ಲೋಟ ತಳ್ಳುತ್ತಿದ್ದ.

ಜೀಪನ್ನು ಎಳೆಸಿಕೊಂಡು ಮಂಜುಳಾ ನೆಟ್ಟಗೆ ಕ್ರಾಸಿಗೆ ಬಂದಳು. ಗ್ಯಾರೇಜಿನ ಮುಂದೆ ಐದಾರು ಜನ ಇದ್ದರು.

"ಹುಡುಗ್ಯಾರ ಪರೀಕ್ಷಾ ಹಾಳಾಗತಿತ್ತು ಸಣ್ಣಪ್ಪ! ನಿನ್ನ ನಂಬಿದ್ನಲ್ಲ ನಾನು!"

ಸಣ್ಣಪ್ಪ ಬಗ್ಗಿ ನೋಡಿದ. "ನಾ ಬಿಗಿ ಮಾಡಿದ ನಟ್ಟು ತಾನಾಗಿ ಬಿಚ್ಚೂದಿಲ್ಲರಿ."

ಮುಖ ಎತ್ತಲಿಲ್ಲ. ವರ್ಷದಿಂದೀಚೆ ಅವನು ಹೀಗೇ. ಶಾಲೆಯಲ್ಲಿ ಒಂದೇ ವರ್ಗದಲ್ಲಿ ಕಲಿತವನು, 'ನೀ' ಎನ್ನುತ್ತಿದ್ದವನು, ಈಗ 'ನೀವು' ಎನ್ನುತ್ತಿದ್ದ. ನಗು ನಿಂತಿತ್ತು. ಮನಸ್ಸಿನಲ್ಲಿ ಕಳ್ಳತನ ಇದ್ದವನು ಕಣ್ಣು ಹೇಗೆ ಕೂಡಿಸಿಯಾನು?

"ಹಂಗಾರ ನಾನ ಬಿಚ್ಚಿನೇನು? ಮನಿಗಿ ಬಂದು ಒಮ್ಮೆ ಪೂರಾ ನೋಡು ಅಂದ್ರ ಯಾಕ ಬರವಲ್ಲಿ?"

"ನೀವ ಬ್ಯಾಡ ಅಂದಿರಿ. ಒಮ್ಮೆ ಅಲ್ಲ, ಎರಡು ಸಲ. ಮತ್ತ ಯಾವ ಮುಖಾ ಹೊತ್ತು ನಿಮ್ಮ ಮನಿಗಿ ಬರಲಿ?"

ಮಂಜುಳಾಗೆ ಎಲ್ಲ ತಿಳಿದುಹೋಯಿತು. ಇಂಜೆಕ್ಟರ್ ಜೊತೆ ಡೀಸೆಲ್ ಪಂಪನ್ನೂ ಬದಲಿಸೋಣ ಎಂದು ಅವನು ಎರಡು ಸಲ ಹೇಳಿದ್ದ. ಎರಡು ಸಲವೂ ಸದ್ಯ ಬೇಡ ಎಂದಿದ್ದಳು. ಇಷ್ಟಕ್ಕೇ ಹಟ ಹಿಡಿದು ಕೆಲಸ ಕೆಡಿಸಿದನೇ!

"ಕೇಳ್ರಿ ಎಲ್ಲಾರೂ," ಎಂದಳು ಜನರತ್ತ ತಿರುಗಿ. "ಇನ್ನ ಮ್ಯಾಲ ಇವನ ಕೈಗೆ ಯಾರೂ ಗಾಡಿ ಕೊಡಬ್ಯಾಡ್ರಿ. ನಂಬಿದವರ ಕುತ್ತಿಗಿ ಕೊಯ್ಯಾಂವ ಇವ."

ಸಣ್ಣಪ್ಪ ಕೈ ಒರೆಸಿಕೊಂಡ. ವಾರದೊಳಗೆ ಶೆಡ್ಡಿಗೆ ಬೀಗ ಬಿತ್ತು. ಅಳ್ನಾವರದಲ್ಲಿ ರೈಲು ಹತ್ತಿ ಗೋವಾದ ಕಡೆ ಹೋದನಂತೆ ಎಂದರು ಜನ.

ಮಂಜುಳಾ ಜೀಪನ್ನು ಕಲಘಟಗಿಯ ಶಂಕ್ರಪ್ಪ ಮೇಸ್ತ್ರಿಯ ಬಳಿ ಒಯ್ದಳು. ತಲೆ ನರೆತ ಹಳೆಯ ಕೈ. ಅವನು ಬಹಳ ಹೊತ್ತು ನೋಡಿದ.

"ಕೂಡಿಸಿದ್ದು ಬಂಗಾರದಂಥಾ ಕೆಲಸ, ತಂಗಿ. ಇದು ಸಡಿಲಾಗಿದ್ದಲ್ಲ. ಪಾನಾ ಹಾಕಿ ನಟ್ಟು ಬಿಚ್ಯಾರ. ನೋಡಿಲ್ಲೆ, ನಟ್ಟಿನ ಅಂಚು ಹ್ಯಾಂಗ ಸವದಾವು. ಪಾನಾ ನಾಕ ಸಲ ಜಾರೇತಿ. ರೂಢಿ ಇಲ್ಲದ ಕೈ."

ಜೀಪು ರಾತ್ರಿ ಹಗಲು ಅವರ ಅಂಗಳದಲ್ಲೇ ನಿಲ್ಲುತ್ತಿತ್ತು. ಗೇಟಿನ ಕೀಲಿ ಮನೆಯೊಳಗೆ ಇರುತ್ತಿತ್ತು. ಆ ಮನೆಯಲ್ಲಿ ಇದ್ದವರು ಇಬ್ಬರೇ.

ಮನೆಗೆ ಬಂದಾಗ ಹನಮಂತಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಅವಳು ಪಾನಾ ತಂದು ಅವನ ಮುಂದೆ ಇಟ್ಟಳು.

"ಎಡಗೈಲೆ ಬಿಚ್ಚಿದೇನು ಅಪ್ಪಾ?"

ಅವನು ಪಾನಾ ನೋಡಿದ. ಮಗಳನ್ನು ನೋಡಿದ. ಇಲ್ಲ ಎನ್ನಲಿಲ್ಲ.

"ಒಂಬತ್ತು ಹುಡುಗ್ಯಾರು ಕೂತಿದ್ರು ಅದರಾಗ. ನಾ ಸ್ಟೇರಿಂಗ್ ಹಿಡಿದದ್ದು ನಿನಗ ಅಷ್ಟು ಸೇರಲಿಲ್ಲೇನು? ನೀನ ಕಲಿಸಿದ್ಯಲ್ಲೋ! ಬ್ಯಾಡ ಅಂದಿದ್ರ ಕೀಲಿ ನಿನ್ನ ಕೈಯಾಗ ಇಡತಿದ್ದೆ. ನಾ ಊರ ಮುಂದ ಒಬ್ಬನ ಮಾನ ಕಳದೆ."

"ನೀ ಗಾಡಿ ಹೊಡದ್ರ ನನಗ್ಯಾಕ ಸಿಟ್ಟು, ಮಂಜೀ?" ಹನಮಂತಪ್ಪ ನೆಲ ನೋಡುತ್ತ ಅಂದ. "ನಿನಗ ಅವನ ಮ್ಯಾಲ ಸಿಟ್ಟು ಬರಬೇಕಿತ್ತು. ಅಷ್ಟ."

"ಸಣ್ಣಪ್ಪನ ಮ್ಯಾಲ? ಅವ ನಿನಗೇನ ಮಾಡಿದ್ದ?"

ಅಪ್ಪ ಎಡಗೈಯಿಂದ ಪಾನಾವನ್ನು ಆಚೆ ಸರಿಸಿದ.

"ಹ್ವಾದ ವರ್ಷ ಎರಡು ಸಲ ನಿನ್ನ ಲಗ್ನಕ್ಕ ಕೇಳಾಕ ಬಂದಿದ್ದ. ನನ್ನ ಮಗಳು ನಿನ್ನ ಒಲ್ಲೆ ಅಂತಾಳ ಅಂತ ಹೇಳಿ, ಎರಡು ಸಲಾನೂ ನಾನ ಕಳಿಸೀನಿ."