ಹಲಸು ನೋಡಲು ಬಂದವರು

“ತಂಗಿ, ಆ ಬಸ್ಸಿನ ಬೋರ್ಡ್ ಮ್ಯಾಲೆ ಏನ ಬರದೈತಿ, ಒಂಚೂರು ಓದಿ ಹೇಳವಾ. ನನ್ನ ಕಣ್ಣು ಸರಿ ಕಾಣೂದಿಲ್ಲ,” ಎಂದು ಕಾಶವ್ವ ಹೇಳಿದ ಕೂಡಲೇ ಸೊಸೆ ಪೂರ್ಣಿಮಾ ನಗು ಮುಚ್ಚಿಕೊಳ್ಳಲು ಮಾವಿನ ಬುಟ್ಟಿಯ ಮೇಲೆ ಬಾಗಿದಳು. ಅತ್ತೆ ಈಚೆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಶಿವಬಸವ ನಗರದ ಮನೆಯ ಮಾಳಿಗೆಯಲ್ಲಿ ನಿಂತು ಎದುರು ಮನೆಯವರು ಒಣಹಾಕಿದ ಹಪ್ಪಳ ಎಣಿಸುವಂಥ ಕಣ್ಣು ಈಗ ಅವರದು.

“ನಂದಗಡ ಅಂತ ಐತ್ರಿ ಮಾವಶಿ,” ಅಂಗಡಿಯ ಹುಡುಗಿ ತಲೆಯೆತ್ತಿ ಓದಿದಳು. “ಡ್ರೈವರ್ ಎಲಿ ಅಡಿಕಿ ಹಾಕ್ಕೊಳ್ಳಾಕತ್ತಾನ. ಅದನ್ನೂ ಹೇಳಬೇಕೇನ್ರಿ?”

ಹುಡುಗಿಯ ಹೆಸರು ಸಮೃದ್ಧಿ. ಬಿ.ಎಸ್ಸಿ. ಮುಗಿಸಿ ಖಾನಾಪುರ ರಸ್ತೆಯ ಅಪ್ಪನ ತೋಟ ನೋಡಿಕೊಳ್ಳುತ್ತಿದ್ದಳು. ಹಣ್ಣಿನ ಕಾಲದಲ್ಲಿ ತೋಟದ ಗೇಟಿನಲ್ಲೇ ಅಂಗಡಿ. ಕಾಶವ್ವ ಬಂದದ್ದು ಕಿರಿಯ ಮಗ ವಿನಯನಿಗೆ ಅವಳನ್ನು ಗುಟ್ಟಾಗಿ ನೋಡಿಹೋಗಲು. “ಸೀರಿ ಉಡಿಸಿ ಕುಂದರಿಸಿದ್ರ ಎಲ್ಲಾ ಹುಡುಗ್ಯಾರೂ ಒಂದ ಥರಾ ಕಾಣತಾರ. ದುಡಿಯೂ ಹೊತ್ತಿನ್ಯಾಗ ನೋಡಬೇಕು,” ಎಂಬುದು ಅವರ ಪದ್ಧತಿ. ಪೂರ್ಣಿಮಾಳನ್ನೂ ಹೀಗೆಯೇ ಖಾಸಬಾಗದ ಪೇಟೆಯಲ್ಲಿ ದಾರಿ ಕೇಳುವ ನೆವದಲ್ಲಿ ನೋಡಿಹೋಗಿದ್ದರು. ಆದರೆ ಹೋದ ವರ್ಷ ರಾಮತೀರ್ಥ ನಗರದವರಿಗೆ ಈ ಆಟ ತಿಳಿದು, ಅವರು ಬಾಗಿಲಲ್ಲೇ ಕೈಮುಗಿದು ಕಳಿಸಿದ್ದರು. ಇನ್ನೊಮ್ಮೆ ಹೀಗಾದರೆ ತನಗೆ ಮದುವೆಯೇ ಬೇಡವೆಂದು ವಿನಯ ಹೇಳಿಬಿಟ್ಟಿದ್ದ. ಅದಕ್ಕೇ ಪೂರ್ಣಿಮಾ ಇಂದು ಬೆಳಗಾವಿಯಿಂದ ದಾರಿಯುದ್ದಕ್ಕೂ ಪ್ರತಿ ಅಂಗಡಿಯಲ್ಲೂ ಕಾರು ನಿಲ್ಲಿಸಿದ್ದಳು. ನೇರಳೆ, ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು, ಮಾವು. ಹಣ್ಣಿಗೇ ಬಂದವರೆಂದು ಯಾರು ನೋಡಿದರೂ ನಂಬಬೇಕು.

“ಇಲ್ಲಿಟ್ಟ ಹಲಸು ಬ್ಯಾಡವಾ. ಆ ತುದೀ ಗಿಡದ್ದು ಬೇಕು,” ಎಂದರು ಕಾಶವ್ವ. ಹುಡುಗಿ ಹೋಗುವಾಗ ಅವರ ಕಣ್ಣು ಅವಳ ನಡಿಗೆಯ ಮೇಲೆ. ಅವಳು ಹಣ್ಣನ್ನು ಸೊಂಟದ ಮೇಲಿಟ್ಟುಕೊಂಡು ಬರುವಾಗಲೂ ಅಲ್ಲೇ. ಅಂಗೈಗೂ ಚಾಕುವಿಗೂ ಎಣ್ಣೆ ಸವರಿ ಸಮೃದ್ಧಿ ಹಣ್ಣು ಸೀಳಿದಳು. ಘಮ ರಸ್ತೆಯವರೆಗೂ ಹೋಯಿತು. ಮೊದಲ ತೊಳೆ ಬಿಡಿಸಿ, ಬೀಜ ತೆಗೆದು, ಕಾಶವ್ವ ಚಾಚಿದ್ದ ಕೈಯನ್ನು ದಾಟಿಸಿ ಪೂರ್ಣಿಮಾಳ ಕೈಯಲ್ಲಿಟ್ಟಳು.

“ಮೊದಲ ನೀವು ತಿನ್ರಿ ಅಕ್ಕಾರ.”

ಪೂರ್ಣಿಮಾ ತಿನ್ನದೆ ಅತ್ತೆಯ ಕಡೆ ನೋಡಿದಳು. ಹುಡುಗಿ ನೋಡುತ್ತಿದ್ದುದೂ ಅತ್ತೆಯ ಮುಖವನ್ನೇ.

“ತಿನ್ನವಾ! ಏನ ನನ್ನ ಮಾರಿ ನೋಡಕೋತ ನಿಂತಿ? ಸಿಹಿ ಐತಿಲ್ಲೋ ಹೇಳು,” ಎಂದು ಕಾಶವ್ವ ಸೊಸೆಯನ್ನು ಗದರಿದರು. ಹುಡುಗಿಯ ಹುಬ್ಬು ಸಡಿಲಾಯಿತು.

ಅಷ್ಟರಲ್ಲಿ ಅವಳ ಅಪ್ಪ ಸತ್ಯಪ್ಪ ಬಂದರು. ಬೀಗರು, ಬಂಧುಗಳು ಯಾವ ಯಾವ ಊರಲ್ಲಿದ್ದಾರೆಂದು ತಿಳಿಯಲು ಇದೇ ಸಮಯವೆಂದು ಕಾಶವ್ವ ಕಸಿ ಮಾವಿನ ಗಿಡ ನೋಡುವ ನೆವದಲ್ಲಿ ಅವರ ಹಿಂದೆ ತೋಟದೊಳಗೆ ಹೋದರು. ಸಮೃದ್ಧಿ ದನಿ ತಗ್ಗಿಸಿದಳು.

“ಅಕ್ಕಾರ, ನೀವು ಹುಡುಗನ ಕಡಿಯಾವ್ರ ಹೌದಲ್ಲೋ?”

ಪೂರ್ಣಿಮಾ ಒಮ್ಮೆ ತೋಟದ ಕಡೆ ತಿರುಗಿ ನೋಡಿದಳು. “ಹೆಂಗ ಗೊತ್ತಾತು?”

“ಹಲಸು ತಗೊಳ್ಳಾವ್ರು ಬಾರಿಸಿ ನೋಡ್ತಾರ್ರಿ, ಮೂಸಿ ನೋಡ್ತಾರ. ಮಾವಶಿ ಹಣ್ಣು ಮುಟ್ಟಲೂ ಇಲ್ಲ. ನನ್ನ ಅಷ್ಟ ನೋಡಿದ್ರು,” ಎಂದು ನಕ್ಕಳು. “ಸಿಟ್ಟೇನಿಲ್ಲ. ಆದ್ರ ಒಂದ ಮಾತು ಖರೇ ಹೇಳ್ರಿ. ನಿಮ್ಮನಿ ಹೆಂಗೈತಿ?”

ಯಾರು ಕೇಳಿದರೂ ‘ಚಲೋ ಐತಿ’ ಎನ್ನುವುದು ಪೂರ್ಣಿಮಾಳ ರೂಢಿ. ಎಣ್ಣೆಗೈಯಲ್ಲಿ ಚಾಕು ಹಿಡಿದು ನಿಂತ ಈ ಹುಡುಗಿಗೆ ಅಷ್ಟು ಸಾಲದು ಎನಿಸಿತು. ಹೊಗಳಿದರೆ ನಂಬುವುದಿಲ್ಲ, ದೂರಿದರೆ ವಿನಯನ ಗತಿ? ಮಾತನ್ನು ಒಂದೊಂದಾಗಿ ಆರಿಸಿಕೊಂಡಳು.

“ಅಡಗಿಗೆ ಉಪ್ಪು ಅತ್ತೀನ ಹಾಕಬೇಕು. ನಾ ಹಾಕಿದ್ರ ಮ್ಯಾಲೆ ಮತ್ತೊಮ್ಮೆ ಹಾಕ್ತಾರ.”

“ಮತ್ತ ಉಪ್ಪುಪ್ಪು ಆದಾಗ?”

“ಎಲ್ಲಾರೂ ಸುಮ್ನ ಮೊಸರು ಹಾಕ್ಕೊಂಡ ಉಣ್ತೀವಿ.” ಪೂರ್ಣಿಮಾ ಮುಂದುವರಿಸಿದಳು, “ಆದ್ರ ನನಗ ಆರಾಮ ಇಲ್ಲದ್ದು ನಾ ಬಾಯಿ ಬಿಡೂಕ್ಕಿಂತ ಮೊದಲ ಅವ್ರಿಗೆ ತಿಳೀತದ. ಅವತ್ತ ನನಗ ಒಲಿ ಹತ್ರಾನೂ ಬರಗೊಡೂದಿಲ್ಲ.”

ಸಮೃದ್ಧಿ ಇನ್ನೊಂದು ತೊಳೆ ಬಿಡಿಸಿ ಅವಳ ಕೈಯಲ್ಲಿಟ್ಟಳು. ಆಮೇಲೆ ಕಿವಿಯ ಬಳಿ ಬಾಗಿ ಒಂದೇ ಮಾತು ಹೇಳಿದಳು.

ಸೀಳಿದ ಹಲಸನ್ನು ಎಲೆಯಲ್ಲಿ ಸುತ್ತಿಸಿಕೊಂಡು ಕಾಶವ್ವ ಕಾರು ಹತ್ತಿದರು. ಬಾಗಿಲು ಹಾಕಿದ್ದೇ ತಡ, ಅವರ ಸಂಭ್ರಮಕ್ಕೆ ಮಿತಿಯಿರಲಿಲ್ಲ. “ಕಣ್ಣು ಚುರುಕ ಅದಾವ, ನಡಿಗಿ ಚೊಕ್ಕ ಐತಿ, ಕೈ ಅಂತೂ ಬಂಗಾರ. ಮ್ಯಾಲೆ ಗುರ್ತೂ ಹಿಡೀಲಿಲ್ಲ ನೋಡು! ನಾಳೆ ಫೋನ್ ಮಾಡಿ ಒಪ್ಪಿಗಿ ಅಂತ ಹೇಳೂಣು.”

“ಆಕಿಗೆ ಎಲ್ಲಾ ಗೊತ್ತಾಗೈತ್ರಿ ಅತ್ತಿ.”

ಕಾಶವ್ವನವರ ಮುಖ ಇಳಿಯಿತು. “ಸಿಟ್ಟಾದ್ಲೇನು?”

“ಇಲ್ರಿ.”

“ಮತ್ತ ಏನಂದ್ಲು? ಲಗೂನ ಹೇಳ!”

ಪೂರ್ಣಿಮಾ ಗೇರು ಹಾಕಿ, ನಗು ತಡೆದುಕೊಂಡು ಹೇಳಿದಳು: “ಮನ್ಯಾಗ ವಿಚಾರ ಮಾಡಿ ತಿಳಸ್ತೀನಿ ಅಂದ್ಲ್ರಿ.”

ಗೇಟಿನಲ್ಲಿ ಹುಡುಗಿ ಇನ್ನೂ ನಿಂತಿದ್ದಳು. ಕಾಶವ್ವ ಬೆನ್ನು ನೆಟ್ಟಗೆ ಮಾಡಿ ಕುಳಿತು, ತಲೆಯ ಮೇಲಿನ ಸೆರಗನ್ನು ಎರಡೂ ಕೈಯಿಂದ ಸರಿಮಾಡಿಕೊಂಡರು.