ಮಾಮ ಹೊಡೆದ ಮೊಳೆ

"ಸುಸ್ಥಿರ ಅಭಿವೃದ್ಧಿ ಅಂದ್ರೆ ನಿಮ್ಮ ಪ್ರಕಾರ ಏನು?" ಎಂದು ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಕೇಳಿದ್ದೇ ತಡ, ಹಸಿರು ಟೈ ಕಟ್ಟಿದ್ದ ಸಲಹೆಗಾರ ಮೇಜಿನ ಮೇಲಿದ್ದ ಬಟ್ಟೆ ಸರಿಸಿದ. ಅಡಿಯಲ್ಲಿ ಹೊಸ ಕಟ್ಟಡದ ಮಾದರಿ: ಮೈಯೆಲ್ಲ ಗಾಜು, ತಲೆಯ ಮೇಲೆ ಪ್ಲಾಸ್ಟಿಕ್ ಮರಗಳು. "ಇದೇ ಮೇಡಂ. ಈ ಹಳೇದನ್ನ ಕೆಡವಿದ ಕೂಡಲೇ ಶುರು."

"ಹಿಂದೆ ಟೆಂಡರಲ್ಲಿ ಮಾಡರ್ನ್ ಅಂತಿತ್ತು, ಆಮೇಲೆ ಸ್ಮಾರ್ಟ್ ಅಂತ ಬಂತು, ಈಗ ಇದು," ಎಂದರು ಕಂಟ್ರಾಕ್ಟರ್, ಕಾಲ ಮೇಲೆ ಕಾಲು ಹಾಕಿಕೊಂಡು. "ಏನು ಬರೆದ್ರೂ ಕಟ್ಟಿಕೊಡ್ತೀನಿ, ಅದರ ಚಿಂತೆ ಬಿಡಿ."

ಉಳಿದವಳು ಎಂಜಿನಿಯರ್, ಕಂಟ್ರಾಕ್ಟರರ ಅಕ್ಕನ ಮಗಳು. ಅಧ್ಯಕ್ಷೆಯ ಮುಂದಿದ್ದ ಕಾಗದಕ್ಕೆ ಸಹಿ ಬಿದ್ದರೆ ಈ ವಾಚನಾಲಯ ಸೋಮವಾರವೇ ನೆಲಸಮ. ಅವಳು ಓದಿ ಎಂಜಿನಿಯರ್ ಆದದ್ದು ಇದೇ ಕೋಣೆಯಲ್ಲಿ. ತನ್ನ ಸರದಿ ಬಂದಾಗ ಅವಳು ಎದ್ದು ಹೋಗಿ ಏಸಿ ಆರಿಸಿ, ಬೀದಿ ಕಡೆಯ ಕಿಟಕಿಗಳನ್ನೆಲ್ಲ ತೆರೆದು, ತಣ್ಣಗೆ ಬಂದು ಕೂತಳು. ತಣ್ಣಗಿದ್ದವಳು ಅವಳೊಬ್ಬಳೇ. ನೋಡನೋಡುತ್ತ ಸಲಹೆಗಾರನ ಟೈ ಕುತ್ತಿಗೆಯ ಹತ್ತಿರ ಬೆವರಿಗೆ ಕಡುಹಸಿರಾಯಿತು.

"ನೋಡಿದ್ರಾ ಮೇಡಂ? ನಾನು ಹೇಳಬೇಕಾದ್ದನ್ನ ಇವರೇ ತೋರಿಸಿಬಿಟ್ರು. ಕಿಟಕಿ ತೆಗೆದ್ರೂ ಇಲ್ಲಿ ಉಸಿರಾಡೋಕಾಗಲ್ಲ."

"ಗಾಳಿ ಒಳಗೆ ಬರೋಕೆ ಜಾಗ ಇದೆ, ಹೊರಗೆ ಹೋಗೋಕಿಲ್ಲ," ಎಂದಳು ಎಂಜಿನಿಯರ್. "ಬಂದು ಎಲ್ಲಿಗೆ ಹೋಗಬೇಕು ಅದು, ನಿಮ್ಮ ಫೈಲೊಳಕ್ಕಾ?" ಮೇಲಿನ ಕಪಾಟಿನ ಪುಸ್ತಕಗಳಿಗೆಂದು ಇಟ್ಟಿದ್ದ ಏಣಿಯನ್ನು ಎದುರುಗೋಡೆಗೆ ಎಳೆದು ತಂದು, ತನ್ನ ಚೀಲದಿಂದ ಸುತ್ತಿಗೆ ತೆಗೆದುಕೊಂಡು ಹತ್ತಿದಳು. ಫಾಲ್ಸ್ ಸೀಲಿಂಗಿನ ಹಾಳೆಗಳನ್ನು ಗೋಡೆಯುದ್ದಕ್ಕೂ ಬಿಚ್ಚಿ ಇಳಿಸಿದಾಗ ಮೇಲೆ ಒಂದು ಸಾಲು ಗವಾಕ್ಷಿಗಳು ಕಂಡವು. ಎಲ್ಲಕ್ಕೂ ಹಲಗೆ ಬಡಿದಿತ್ತು. ಹಿಂದಿನ ಓಣಿಯಲ್ಲಿ ನಿಂತು ಟೀ ಕುಡಿಯುವ ಯಾರು ತಲೆ ಎತ್ತಿದರೂ ಕಾಣುವಂಥವು. ಆದರೆ ಕಟ್ಟಡದ ವರದಿ ಬರೆದವರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗಿದ್ದರು.

"ಇದನ್ನ ಮುಚ್ಚಿದ ಪುಣ್ಯಾತ್ಮ ಯಾರು?" ಎಂದರು ಅಧ್ಯಕ್ಷೆ.

ಎಂಜಿನಿಯರ್ ಸುತ್ತಿಗೆಯ ತುದಿಯಿಂದ ಕೆಳಗೆ ತೋರಿಸಿದಳು. "ನಮ್ಮ ಸೋದರಮಾವ."

"ಏಸಿ ಹಾಕಿದ ವರ್ಷ ಅದು," ಎಂದರು ಮಾಮ, ಕಾಲ ಮೇಲಿನ ಕಾಲು ಇಳಿಸಿ. "ಆವಾಗ ಟೆಂಡರಲ್ಲಿ ಮಾಡರ್ನ್ ಅಂತಿತ್ತು."

ಅವಳು ಸುತ್ತಿಗೆಯ ಕೊಕ್ಕನ್ನು ಹಲಗೆಯ ಸಂದಿಗೆ ತೂರಿಸಿ ಮೀಟಿದಳು. ಹಲಗೆ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಮೀಟಿದಳು, ಏಣಿ ಅಲುಗಾಡಿತು, ಹಲಗೆ ಅಲುಗಲಿಲ್ಲ. ಸಲಹೆಗಾರ ಮುಗುಳ್ನಕ್ಕ. ಸೆರಗಿನಿಂದ ಹಣೆ ಒರೆಸಿಕೊಂಡು ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು.

ಮಾಮನಿಗೆ ಸಂಕಟ ಶುರುವಾಗಿತ್ತು. ಈ ಹಲಗೆ ಬರದಿದ್ದರೆ ಹೊಸ ಕಟ್ಟಡದ ಕೆಲಸ ತಮಗೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಕಣ್ಣೆದುರಿಗೆ ಕೆಲಸ ಕೆಡುತ್ತಿದ್ದರೆ ಮನುಷ್ಯ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬಹುದು?

"ಅಯ್ಯೋ, ಮೇಲಿಂದಲ್ಲ ಕಣೇ! ಪಕ್ಕದಿಂದ ಎಬ್ಬು!"

"ಬರ್ತಿಲ್ಲ ಮಾಮ."

"ಹೇಗೆ ಬರುತ್ತೆ? ನಾನು ಹೊಡೆದ ಮೊಳೆ ಅದು, ನೀನು ಕಾಲೇಜಲ್ಲಿ ಬಿಡಿಸಿದ ಮೊಳೆ ಅಲ್ಲ. ಇಳಿ ಕೆಳಗೆ, ಹಲಗೆ ಸೀಳಿಬಿಡ್ತೀಯ."

"ಸೀಳಿದ್ರೆ ಏನೀಗ? ಹೇಗೂ ಸೋಮವಾರ ಎಲ್ಲಾ ಮಣ್ಣುಪಾಲು."

"ತೇಗ ಕಣೇ ಅದು, ತೇಗ! ಇನ್ನೆಲ್ಲಾದ್ರೂ ಉಪಯೋಗಕ್ಕೆ ಬರುತ್ತೆ, ಹಾಳು ಮಾಡ್ಬೇಡ!"

ಎಂಜಿನಿಯರ್ ಏಣಿಯ ಮೇಲಿಂದಲೇ ಅಧ್ಯಕ್ಷೆಯ ಕಡೆ ತಿರುಗಿದಳು. "ನಿಮ್ಮ ಪ್ರಶ್ನೆಗೆ ಉತ್ತರ ಬಂತು ಮೇಡಂ."

ಮಾಮನಿಗೆ ಅದು ಕೇಳಿಸಲಿಲ್ಲ. ಅಂಗಿಯ ತೋಳು ಮಡಚಿ, ಅಕ್ಕನ ಮಗಳನ್ನು ಕೆಳಗಿಳಿಸಿ, ಸುತ್ತಿಗೆ ಕಿತ್ತುಕೊಂಡು ಏಣಿ ಏರಿಯಾಗಿತ್ತು. ಪಕ್ಕದಿಂದ ಒಂದು ಏಟು, ಒಂದು ತಿರುವು. ಮೊಳೆ ಯಜಮಾನನ ಗುರುತು ಹಿಡಿದಂತೆ ಕಿರ್ರೆಂದು ಹೊರಬಂತು. ಮೊದಲ ಗವಾಕ್ಷಿಯಿಂದ ಬೆಳಕು ಬಿತ್ತು. ಎರಡನೆಯದು ತೆರೆದಾಗ ಕಿಟಕಿಯ ಪರದೆ ಒಮ್ಮೆ ಉಸಿರೆಳೆದುಕೊಂಡಿತು. ಮೂರನೆಯದಕ್ಕೆ ಬೀದಿಯ ಗಾಳಿ ಕೋಣೆಯೊಳಕ್ಕೆ ನುಗ್ಗಿ, ಮೇಜನ್ನು ಸವರಿಕೊಂಡು, ಎಲ್ಲರ ಬೆವರು ಆರಿಸಿ, ಗವಾಕ್ಷಿಗಳತ್ತ ಏರಿತು. ಸಲಹೆಗಾರನ ಟೈ ಅವನ ಹೆಗಲು ಹತ್ತಿತು.

"ಸಾಕು ಮಾಮ, ಇಳೀರಿ. ಗೆದ್ವಿ!"

"ಸುಮ್ನಿರೇ, ಇನ್ನೂ ಅರ್ಧ ಸಾಲು ಬಾಕಿ ಇದೆ."

ಮೇಜಿನ ಮೇಲಿನ ನಕ್ಷೆ, ವರದಿ, ಸಹಿ ಬೀಳದ ಆ ಕಾಗದ, ಎಲ್ಲ ಪಟಪಟನೆ ಹಾರತೊಡಗಿದವು. ಸಲಹೆಗಾರ ಎರಡೂ ಕೈಚಾಚಿ ಅವುಗಳ ಹಿಂದೆ ಬಿದ್ದ. ಅಧ್ಯಕ್ಷೆ ಪೆನ್ನಿಗೆ ಮುಚ್ಚಳ ಹಾಕಿ, ಕೈಗೆ ಸಿಕ್ಕಷ್ಟು ಕಾಗದ ಒಟ್ಟು ಮಾಡಿ, ಗಾಜಿನ ಕಟ್ಟಡವನ್ನು ಎತ್ತಿ ಅವುಗಳ ಮೇಲೆ ಇಟ್ಟರು.

"ಪರವಾಗಿಲ್ಲ," ಎಂದರು. "ಒಳ್ಳೇ ಭಾರ ಇದೆ."