ರಾಕ್ಷಸನ ಬಾಲ

ಸದಾ ಮುಚ್ಚಿರುತ್ತಿದ್ದ ಮಗಳ ಕೋಣೆಯ ಬಾಗಿಲು, ಅವಳ ಬಲಗೈಗೆ ಪ್ಲಾಸ್ಟರ್ ಬಿದ್ದ ಮೇಲೆ ಅಮ್ಮನಿಗೆ ತೆರೆಯಿತು. ಗೆಳತಿಯರ ಜೊತೆ ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಆಡುವ ಆಟಕ್ಕೆಂದು ಅವಳು ತರಿಸಿದ್ದ ಗೇಣುದ್ದದ ರೆಸಿನ್ ರಾಕ್ಷಸ ಬಿಡಿ ತುಂಡುಗಳಾಗಿ ಬಂದಿದ್ದ. ಮಗಳು ಹೇಳಿಕೊಟ್ಟಂತೆ ಅಮ್ಮ ತುಂಡುಗಳನ್ನು ಸೋಪುನೀರಿನಲ್ಲಿ ತೊಳೆದಳು, ಉಜ್ಜಿ ನಯಮಾಡಿ ಅಂಟಿಸಿದಳು, ಬಣ್ಣ ಬಳಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

ಕೊನೆಗೆ ಅಮ್ಮ ರಾಕ್ಷಸನ ಕೆನ್ನೆಗೊಂದು ಕಪ್ಪು ಚುಕ್ಕೆ ಇಟ್ಟಳು.

"ರಾಕ್ಷಸನಿಗೆ ಯಾರಾದ್ರೂ ದೃಷ್ಟಿಬೊಟ್ಟು ಇಡ್ತಾರೇನಮ್ಮಾ?"

"ಇಷ್ಟು ಚೆನ್ನಾಗಿದಾನಲ್ಲೇ, ಇರ್ಲಿ ಬಿಡು."

ಮರುದಿನ ಪ್ಲಾಸ್ಟರ್ ತೆಗೆದರು. ಮಗಳು ರಾಕ್ಷಸನನ್ನು ಎತ್ತಿಕೊಂಡು ಒಳಗೆ ಹೋದಳು, ಬಾಗಿಲು ಮುಚ್ಚಿತು. ಸಂಜೆ ಅಮ್ಮ ಕಾಫಿಯ ನೆಪದಲ್ಲಿ ಬಾಗಿಲು ತಟ್ಟಿದಳು.

"ಇನ್ನೇನಾದ್ರೂ ಅಂಟಿಸೋದು ಇದ್ಯೇನೇ?"

"ಏನೂ ಇಲ್ಲಮ್ಮಾ. ಅಲ್ಲೇ ಇಡು, ತಗೋತೀನಿ."

ಆ ವಾರ ಹಾಲು ಒಮ್ಮೆಯೂ ಉಕ್ಕಲಿಲ್ಲ. ಅಮ್ಮ ಒಲೆಯ ಮುಂದೆಯೇ ನಿಂತಿರುತ್ತಿದ್ದಳು.

ಭಾನುವಾರ ಬೆಳಿಗ್ಗೆ ಮಗಳು ರಾಕ್ಷಸನನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನೀನು ಅಂಟಿಸಿದ್ದ ಬಾಲ ಬಿದ್ದೇ ಹೋಯ್ತು ನೋಡು. ಎಂಥ ಕೆಲಸ ಮಾಡಿದೀಯಮ್ಮಾ ನೀನು. ಬಾ, ಮತ್ತೆ ಕೂತು ಸರಿಮಾಡ್ಕೊಡು."

ಅಮ್ಮ ಕೈ ಒರೆಸಿಕೊಂಡು ರಾಕ್ಷಸನನ್ನು ತಿರುಗಿಸಿ ನೋಡಿದಳು. ಅವಳು ಅಂಟಿಸಿದ್ದ ಜಾಗ ಗಟ್ಟಿಯಾಗಿಯೇ ಇತ್ತು. ಅದರಿಂದ ಬೆರಳಗಲ ಆಚೆ, ಬಾಲವನ್ನು ಯಾರೋ ನೇಲ್ ಕಟರಿನಿಂದ ಕತ್ತರಿಸಿದ್ದರು.